ಪದವಿಯೂ ಬಂತು, ಪಾಠವೂ ನಿಲ್ಲಲಿಲ್ಲ

ಮಗ ಸಂಗೀತಗಾರನಾಗುತ್ತೇನೆ ಎಂದರೆ ಹೆತ್ತವರು ಕೇಳುವ ಮೊದಲ ಪ್ರಶ್ನೆ, 'ಹೊಟ್ಟೆಪಾಡಿಗೇನು?' ಕೇಳುವುದರಲ್ಲಿ ತಪ್ಪೂ ಇಲ್ಲ. ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಮಾತ್ರ ಈ ಪ್ರಶ್ನೆ ಸ್ವಲ್ಪ ಮೆಲ್ಲಗೆ ಕೇಳಿಬರುತ್ತಿತ್ತೇನೋ! ಕಾವೇರಿ ದಂಡೆಯ ಈ ಸಂಕೇತಿಗಳ ಊರು ವೇದಕ್ಕೂ ಹೆಸರಾದದ್ದು, ಸಂಗೀತಕ್ಕೂ ಹೆಸರಾದದ್ದು. ಕರ್ನಾಟಕದ ವಿದ್ವಾಂಸರೊಬ್ಬರ ಹೆಸರಿನ ಹಿಂದೆ 'ಆರ್' ಎಂಬ ಇನಿಷಿಯಲ್ ಕಂಡರೆ ರುದ್ರಪಟ್ಟಣದವರಿರಬಹುದೇ ಎಂದು ರಸಿಕರು ವಿಚಾರಿಸುವುದುಂಟು.

ಆರ್.ಕೆ. ಶ್ರೀಕಂಠನ್ ಇಲ್ಲಿ ಹುಟ್ಟಿದ್ದು 1920ರ ಜನವರಿ 14ರಂದು. ತಂದೆ ಕೃಷ್ಣಶಾಸ್ತ್ರಿಗಳು ಹರಿಕಥೆ, ಸಾಹಿತ್ಯ, ಸಂಗೀತ ಮೂರನ್ನೂ ಬಲ್ಲವರು. ಮೈಸೂರಿನಲ್ಲಿ ಪಾಠ ಹೇಳಿದವರು ಅಣ್ಣ, ಪಿಟೀಲು ವಿದ್ವಾಂಸ ಆರ್.ಕೆ. ವೆಂಕಟರಾಮಾಶಾಸ್ತ್ರಿಗಳು. ಮನೆಯವರೇ ಗುರುಗಳಾದರೆ ತಪ್ಪಿಸಿಕೊಳ್ಳಲು ದಾರಿಯೆಲ್ಲಿ? ಹಾಗೆಂದು ಹುಡುಗ ಕಾಲೇಜು ಬಿಡಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಪಡೆದರು. ಊರಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿಗಳು ನಡೆಯುತ್ತಿದ್ದ ಕಾಲವದು. ಕೇಳ್ಮೆಯೂ ಒಂದು ಪಾಠವೇ ಆಯಿತು.

ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಕೊಟ್ಟದ್ದು ರೇಡಿಯೋ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ 'ಆಕಾಶವಾಣಿ' ಮುಂದೆ ಸರ್ಕಾರದ ನಿಲಯವಾಗಿ, 1955ರಲ್ಲಿ ಬೆಂಗಳೂರಿಗೆ ಬಂತು. ಶ್ರೀಕಂಠನ್ ಸುಮಾರು ಮೂರು ದಶಕ ಆಕಾಶವಾಣಿಯಲ್ಲಿ ದುಡಿದರು. ತಿಂಗಳ ಸಂಬಳವೂ ಸಂಗೀತದಿಂದಲೇ! ಅವರ ಸಂಗೀತ ಪಾಠಗಳು ಗುರುಗಳಿಲ್ಲದ ಊರುಗಳ ಮಕ್ಕಳಿಗೂ ತಲುಪಿದವು.

ಅವರ ನಿಜವಾದ ಹಟ ಬೇರೆಡೆ ಇತ್ತು. ಕಚೇರಿಯ ಕೊನೆಗೆ, ಜನ ಎದ್ದು ಹೊರಡುವ ಹೊತ್ತಿಗೆ ಚುಟುಕಾಗಿ ಹಾಡುವುದಷ್ಟೇ ದೇವರನಾಮದ ಪಾಲು ಎಂಬ ರೂಢಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಹರಿದಾಸರ ಪದಗಳಿಗೆ ಸ್ವತಃ ರಾಗ ಹಾಕಿ, ಕೃತಿಗಳಿಗೆ ಕೊಡುವ ಘನತೆಯನ್ನೇ ಕೊಟ್ಟು ಹಾಡಿದರು. ತ್ಯಾಗರಾಜರನ್ನಾಗಲಿ ದೀಕ್ಷಿತರನ್ನಾಗಲಿ ಇದಕ್ಕಾಗಿ ಬದಿಗಿಡಲಿಲ್ಲ. ಮಾತು ಮುರಿಯದ ಉಚ್ಚಾರ, ಪಾಠಾಂತರದ ಶುದ್ಧಿ, ಗಂಭೀರವಾದ ಕಂಠ ಅವರ ಗುರುತು. ಗಿಮಿಕ್ಕಿಗೆ ಎಡೆಯಿರಲಿಲ್ಲ.

1979ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1995ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ. ಕಲಾನಿಧಿಯ ಹೊತ್ತಿಗೆ ವಯಸ್ಸು 75! ಅವಸರಪಡುವ ಮಕ್ಕಳು, ಅವರಿಗಿಂತ ಅವಸರಪಡುವ ತಂದೆತಾಯಂದಿರು ಈ ಲೆಕ್ಕವನ್ನು ಗಮನಿಸಬೇಕು.

ಎಂ.ಎಸ್. ಶೀಲಾ, ಟಿ.ಎಸ್. ಸತ್ಯವತಿ ಅವರಂಥ ಶಿಷ್ಯರು ಹೆಸರು ಮಾಡಿದ ಮೇಲೂ ಗುರುಗಳು ಹಾಡುತ್ತಲೇ ಇದ್ದರು. 2014ರ ಫೆಬ್ರವರಿ 17ರಂದು ತೀರಿಕೊಂಡಾಗ ಅವರಿಗೆ 94. ತೊಂಬತ್ತು ದಾಟಿದ ಮೇಲೂ ವೇದಿಕೆಯಲ್ಲಿ ಕುಳಿತು, ಪಕ್ಕದಲ್ಲಿ ಮಗ ರಮಾಕಾಂತ್ ದನಿಗೂಡಿಸುತ್ತಿದ್ದರೆ, ಹಿರಿಯರು ಕಚೇರಿ ಮಾಡುತ್ತಿದ್ದರು.