ಡಾಕ್ಟರ ಮುಂದೆ ‘ಏನಿಲ್ಲ’ ಎನ್ನುವ ಯಜಮಾನರು

ನಿಮ್ಮ ಮನೆಯವರು ಮಿಲಿಟರಿಯಿಂದ ನಿವೃತ್ತರಾದವರೆ? ಹಾಗಾದರೆ ನಾನು ಹೇಳುವುದು ನಿಮಗೆ ಹೊಸದಲ್ಲ. ರಾತ್ರಿಯೆಲ್ಲ ಕಾಲು ಉರಿಯುತ್ತೆ ಅಂತ ಹೊರಳಾಡುವವರು, ಡಾಕ್ಟರ ಮುಂದೆ ಕೂತೊಡನೆ ಬೆನ್ನು ನೆಟ್ಟಗೆ ಮಾಡಿ “ಏನಿಲ್ಲ ಸಾರ್, ಚೆನ್ನಾಗಿದ್ದೀನಿ!” ಹವಾಲ್ದಾರರಾಗಿದ್ದ ನಮ್ಮ ಯಜಮಾನರೂ ಹಾಗೆಯೇ.

ಅದಕ್ಕೇ ಇ.ಸಿ.ಎಚ್.ಎಸ್. ಪಾಲಿಕ್ಲಿನಿಕ್ಕಿಗೆ ನಾನೂ ಜೊತೆಗೆ ಹೊರಟೆ. 2003ರ ಏಪ್ರಿಲ್ 1ರಂದು ಆರಂಭವಾದ ಈ ಯೋಜನೆ ಪಿಂಚಣಿ ಪಡೆಯುವ ಮಾಜಿ ಸೈನಿಕರಿಗಷ್ಟೇ ಅಲ್ಲ, ಸದಸ್ಯರ ಹೆಂಡತಿಗೂ ಉಂಟು. ಕುಟುಂಬ ಪಿಂಚಣಿ ಪಡೆಯುವ ವಿಧವೆಯರಿಗೂ ಉಂಟು. ನಮ್ಮ ಬೀದಿಯ ಅಜ್ಜಿಯೊಬ್ಬರು ಗಂಡನ ಜೊತೆಗೇ ಆ ಹಕ್ಕೂ ಹೋಯಿತೆಂದುಕೊಂಡು ವರ್ಷಗಟ್ಟಲೆ ಮಾತ್ರೆಗೆ ಕೈಯಿಂದ ದುಡ್ಡು ಸುರಿದರು. ಹೇಳುವವರೇ ಇರಲಿಲ್ಲ ನೋಡಿ.

ಅಮೆರಿಕದ ಮಾಜಿ ಸೈನಿಕರ ಇಲಾಖೆಯಲ್ಲಿ ಹೀಗೆ ಹೇಳುವುದಕ್ಕೆಂದೇ ಜನ ಇದ್ದಾರೆ. ಅಲ್ಲಿನ ಆಸ್ಪತ್ರೆಗಳಲ್ಲಿ 2010ರಿಂದ ರೋಗಿಗೆ ಬರೀ ಡಾಕ್ಟರಲ್ಲ, ಒಂದು ತಂಡವೇ ಗೊತ್ತಾಗಿರುತ್ತದೆ: ಡಾಕ್ಟರು, ನರ್ಸು, ಸಹಾಯಕ ನರ್ಸು, ಗುಮಾಸ್ತರು. ಇವರ ಜೊತೆಗೆ ಔಷಧ ಬಲ್ಲವರು, ಪಥ್ಯ ಹೇಳುವವರು, ಸಮಾಜ ಕಾರ್ಯಕರ್ತರು. ಈ ಕೊನೆಯವರ ಕೆಲಸವೇನು ಗೊತ್ತೆ? ಮನೆಯಲ್ಲಿ ಯಾರಿದ್ದಾರೆ, ಬಾಡಿಗೆಗೆ ತೊಂದರೆಯೆ, ಆಸ್ಪತ್ರೆಗೆ ಹೇಗೆ ಬರುತ್ತೀರಿ, ಆರೈಕೆ ಮಾಡುವ ಹೆಂಡತಿ ಸೋತಿದ್ದಾಳೆಯೆ ಅಂತ ವಿಚಾರಿಸಿ ದಾರಿ ಮಾಡಿಕೊಡುವುದು. ನಾವು ದಿನಾ ಮಾಡುವ ಕೆಲಸಕ್ಕೆ ಅಲ್ಲಿ ಸಂಬಳ!

ನಾವು ಹೋಗುವ ಕಡೆ ಡಾಕ್ಟರು, ಹಲ್ಲಿನ ಡಾಕ್ಟರು, ಔಷಧ ಕೊಡುವವರು ಇದ್ದಾರೆ, ಒಳ್ಳೆಯವರೇ. ಪಿಂಚಣಿ ತೊಡಕು, ಮಕ್ಕಳ ಓದಿನ ನೆರವು ಎಂದರೆ ಮಾತ್ರ ಸೈನಿಕ ಕಲ್ಯಾಣ ಕಚೇರಿಗೆ ಹೋಗಬೇಕು. ಎರಡರ ನಡುವೆ ಓಡಾಡುವವರು ನಾವೇ. ಆದ್ದರಿಂದ ಕಾರ್ಡು ಎಲ್ಲಿದೆ, ಪಿಂಚಣಿ ಆದೇಶದಲ್ಲಿ ನಿಮ್ಮ ಹೆಸರು ಸರಿಯಾಗಿದೆಯೆ, ಇವತ್ತೇ ನೋಡಿಬಿಡಿ. ದೊಡ್ಡ ಆಸ್ಪತ್ರೆಗೆ ಹೋಗಲು ಪಾಲಿಕ್ಲಿನಿಕ್ಕಿನ ಚೀಟಿ ಬೇಕು. ಪ್ರಾಣಕ್ಕೆ ಬಂದಾಗ ಹತ್ತಿರದ ಆಸ್ಪತ್ರೆಗೇ ಓಡಿ. ಅದು ಪಟ್ಟಿಯಲ್ಲಿಲ್ಲದ್ದಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು.

ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲೇ ಎಲ್ಲ ಬರೆದಿಡುತ್ತೇನೆ: ಯಾವ ರಾತ್ರಿ ನಿದ್ದೆಯಿಲ್ಲ, ಯಾವ ಮಾತ್ರೆ ತಪ್ಪಿತು. ಹೋದ ಸಲ ಇವರು “ಏನಿಲ್ಲ” ಅನ್ನುವಷ್ಟರಲ್ಲಿ ನಾನು ಪುಸ್ತಕ ಬಿಚ್ಚಿ ಓದಿದೆ. ಡಾಕ್ಟರು ಸಾಕ್ಸು ಬಿಚ್ಚಿಸಿ ಪಾದ ನೋಡಿದರು. ಹಿಮ್ಮಡಿಯಲ್ಲಿ ಹುಣ್ಣು! ಸಕ್ಕರೆ ಕಾಯಿಲೆಯವರಿಗೆ ಅದು ಆಟವಲ್ಲ.

ಬಸ್ಸಿನಲ್ಲಿ ಇವರು ನನ್ನೊಡನೆ ಮಾತೇ ಆಡಲಿಲ್ಲ. ಮನೆ ಮೆಟ್ಟಿಲು ಹತ್ತುವಾಗ ಮೆಲ್ಲಗೆ ಅಂದರು, “ಕಣ್ಣು ಮಂಜಾಗಿದೆ ಕಣೇ, ಅದನ್ನೂ ಬರ್ಕೋ.”