ಬೆಡ್‌ಫೋರ್ಡಿನ ಬಿಳಿ ಬೆರಳು

1918ರ ಜನವರಿ. ಅಮೆರಿಕದ ಇಂಡಿಯಾನಾದಲ್ಲಿ ಮೈ ಕೊರೆಯುವ ಚಳಿ. ಸುಣ್ಣಕಲ್ಲಿನ ಗಣಿಗಳಿಗೆ ಹೆಸರಾದ ಬೆಡ್‌ಫೋರ್ಡ್ ಊರಿಗೆ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಬಂದರು, ಕಲ್ಲುಕುಟಿಗರ ಕೈ ನೋಡಲು. ಚಳಿಗೆ ಆ ಬೆರಳುಗಳು ಮೇಣದಂತೆ ಬಿಳಿಚಿಕೊಳ್ಳುತ್ತಿದ್ದವು, ಮುಟ್ಟಿದರೆ ಅರಿವಾಗುತ್ತಿರಲಿಲ್ಲ. ರಕ್ತ ಮರಳಿ ಹರಿಯುವಾಗ ನೋವು. ಪರೀಕ್ಷಿಸಿದ 38 ಜನರಲ್ಲಿ 34 ಜನರ ಪಾಡು ಇದೇ.

ಸುಳಿವು ಇದ್ದದ್ದು ಎಡಗೈಯಲ್ಲಿ. ಬಲಗೈ ಹಿಡಿದಿದ್ದು ಗಾಳಿ ಸುತ್ತಿಗೆ; ಕಂಪ್ರೆಸರ್ ಗಾಳಿಯಿಂದ ಅದು ನಿಮಿಷಕ್ಕೆ ಸಾವಿರಾರು ಏಟು ಹೊಡೆಯುತ್ತದೆ. ಎಡಗೈ ಹಿಡಿದಿದ್ದು ಆ ಏಟನ್ನೆಲ್ಲ ತಿನ್ನುವ ಉಳಿ. ಹೆಚ್ಚು ಸತ್ತದ್ದು ಉಳಿಯನ್ನು ಬಿಗಿಹಿಡಿದ ಬೆರಳುಗಳೇ. ಬಿಗಿ ಹಿಡಿತ, ಕಂಪನ, ಚಳಿ, ಈ ಮೂರೂ ಸೇರಿ ರಕ್ತನಾಳಗಳನ್ನು ಹಿಂಡುತ್ತಿವೆ ಎಂದು ಹ್ಯಾಮಿಲ್ಟನ್ ಬರೆದರು. ವರದಿ ಅದೇ ವರ್ಷ ಅಚ್ಚಾಯಿತು.

ಆಮೇಲೆ ಅರವತ್ತು ವರ್ಷ! ಈ ನಡುವೆ ಇಂಡಿಯಾನಾದ ಸುಣ್ಣಕಲ್ಲು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಹೊರಮೈಯಾಯಿತು. ಅದರ ಚಿತ್ರ ಕಂಡಾಗಲೆಲ್ಲ ನನಗೆ ನೆನಪಾಗುವುದು ಆ ಕೈಗಳು. 1978ರಲ್ಲಿ ಸಂಶೋಧಕರು ಅದೇ ಪ್ರದೇಶಕ್ಕೆ ಮರಳಿ ಹೋದರೆ, ಗಾಳಿ ಸುತ್ತಿಗೆ ಹಿಡಿಯುವವರಲ್ಲಿ ಸುಮಾರು ಶೇಕಡಾ 80ರಷ್ಟು ಮಂದಿಗೆ ಬಿಳಿ ಬೆರಳು. ರೋಗ ಗೊತ್ತಿತ್ತು, ಕಾರಣ ಗೊತ್ತಿತ್ತು. ಉಪಕರಣ ಮಾತ್ರ ಬದಲಾಗಿರಲಿಲ್ಲ.

ಕೈಗವಸು ಹಾಕಿಕೊಳ್ಳಿ ಎನ್ನುವುದು ಸುಲಭ. ಅದು ಬೆರಳನ್ನು ಬೆಚ್ಚಗಿಟ್ಟೀತು, ಕಂಪನವನ್ನು ಅಷ್ಟಾಗಿ ತಡೆಯದು. ನಿಜವಾದ ದಾರಿ ಸುತ್ತಿಗೆಯ ಒಳಗೇ ಇತ್ತು. ಗಾಳಿಯ ಒತ್ತಡ ಪಿಸ್ಟನ್ನನ್ನು ಮುಂದೆ ತಳ್ಳುವಾಗ ಸಿಲಿಂಡರನ್ನು ಅಷ್ಟೇ ಬಲದಿಂದ ಹಿಂದಕ್ಕೆ ಒತ್ತುತ್ತದೆ. ಹಿಡಿಕೆ ಸಿಲಿಂಡರಿಗೇ ಅಂಟಿಕೊಂಡಿದ್ದರೆ ಆ ಒದೆತ ನೇರ ಅಂಗೈಗೆ. ಹಾಗಾಗಿ ಎರಡನ್ನೂ ಬೇರ್ಪಡಿಸಿ, ನಡುವೆ ಸ್ಪ್ರಿಂಗನ್ನೋ ಗಾಳಿಯ ಮೆತ್ತೆಯನ್ನೋ ಇಟ್ಟರು. ಏಟಿನ ವೇಗಕ್ಕಿಂತ ಸ್ಪ್ರಿಂಗಿನ ಸ್ವಂತ ತೂಗಾಟ ಬಹಳ ನಿಧಾನವಾಗಿದ್ದರೆ ಸಿಲಿಂಡರ್ ನಡುಗುತ್ತದೆ, ಹಿಡಿಕೆ ಬಹುಮಟ್ಟಿಗೆ ನಿಂತಲ್ಲೇ ನಿಲ್ಲುತ್ತದೆ. ಆದರೆ ಸ್ಪ್ರಿಂಗ್ ತೀರಾ ಮೆದುವಾದರೆ ಕುಟಿಗನಿಗೆ ಉಳಿಯ ಮೊನೆ ಹತೋಟಿಗೆ ಸಿಗದು. ಈ ಹದ ಹಿಡಿಯುವುದೇ ವಿನ್ಯಾಸಕಾರರ ಕಷ್ಟ.

ಚಳಿಯ ಲೆಕ್ಕವೂ ಬಾಕಿಯಿತ್ತು. ಒತ್ತಿಟ್ಟ ಗಾಳಿ ಹಿಗ್ಗಿ ಹೊರಬರುವಾಗ ತಣ್ಣಗಾಗುತ್ತದೆ. ಅದು ಬೆರಳ ಮೇಲೆ ಬೀಸಿದರೆ ಬೇಸಿಗೆಯಲ್ಲೂ ಚಳಿಗಾಲ. ಆ ಗಾಳಿ ಹೊರಹೋಗುವ ಬಾಯನ್ನು ಕೈಯಿಂದ ಆಚೆ ತಿರುಗಿಸಿದರು.

2002ರಲ್ಲಿ ಯುರೋಪಿನ ಒಕ್ಕೂಟ ಎಂಟು ಗಂಟೆಯ ಕೆಲಸಕ್ಕೆ ಕೈ ಕಂಪನದ ಮಿತಿಯನ್ನು ಸೆಕೆಂಡಿನ ವರ್ಗಕ್ಕೆ 5 ಮೀಟರ್ ಎಂದು ಗೊತ್ತುಮಾಡಿತು. ಹಿಡಿಕೆಯೇನೋ ಸುಧಾರಿಸಿತು. ಎಡಗೈ ಮಾತ್ರ ಇನ್ನೂ ಉಳಿಯನ್ನೇ ಹಿಡಿದಿತ್ತು. ಕೊನೆಗೆ ಉಳಿಗೂ ಕಂಪನ ನುಂಗುವ ಒಂದು ಕವಚ ತೊಡಿಸಬೇಕಾಯಿತು.