ನಿಮಗಿದು ಗೊತ್ತೆ? ಹೃದಯದ ಸುದ್ದಿ ಮೂತ್ರದ ಚೀಲದಲ್ಲಿ!
ಹೃದಯಾಘಾತವಾಗಿ ಐಸಿಯುನಲ್ಲಿರುವವರ ಮೂತ್ರದ ಚೀಲವನ್ನು ನರ್ಸ್ ಗಂಟೆಗೊಮ್ಮೆ ಬಗ್ಗಿ ನೋಡಿ, ಅಳತೆ ಬರೆದುಕೊಳ್ಳುತ್ತಾರೆ. ಹೃದಯ ಸೋತು ರಕ್ತ ಪಂಪ್ ಮಾಡಲಾಗದ ‘ಕಾರ್ಡಿಯೋಜೆನಿಕ್ ಶಾಕ್’ನಲ್ಲಿ ಮೂತ್ರಪಿಂಡಕ್ಕೂ ರಕ್ತ ಸಾಲದು. ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ಅಪಾಯದ ಸೂಚನೆ. ಮೇಲಿನ ಬಿಪಿ 90ಕ್ಕಿಂತ ಇಳಿದು ಅರ್ಧ ಗಂಟೆಯಾದರೂ ಏರದಿರುವುದು, ಕೈಕಾಲು ತಣ್ಣಗಾಗಿ ಬೆವರುವುದು, ರೋಗಿ ಮಂಕಾಗುವುದೂ ಹಾಗೆಯೇ.

ಬಿಪಿ ಬಿದ್ದಿದೆಯೆಂದು ಸುಮ್ಮನೆ ಡ್ರಿಪ್ ಜೋರು ಮಾಡುವಂತಿಲ್ಲ (ಮನೆಯವರು ಕೇಳುವುದು ಅದನ್ನೇ!), ಹೆಚ್ಚಿದ ದ್ರವ ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟೀತು.

ಈ ಶಾಕ್ ತಡೆಯಬೇಕೆಂದರೆ ಎದೆನೋವಿಗೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರದೆ 108ಕ್ಕೆ ಕರೆ ಮಾಡಿ. ಮುಚ್ಚಿದ ರಕ್ತನಾಳ ಬೇಗ ತೆರೆದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಶಾಕ್ ಆದಮೇಲೂ ತಡಮಾಡದೆ ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಮಾಡಿಸಿಕೊಂಡವರಲ್ಲಿ ಆರು ತಿಂಗಳ ಬಳಿಕ ಹೆಚ್ಚು ಜನ ಬದುಕಿದ್ದರೆಂದು 1999ರಲ್ಲಿ ಪ್ರಕಟವಾದ ‘ಶಾಕ್’ ಹೆಸರಿನ ಅಧ್ಯಯನವೇ ತೋರಿಸಿದೆ.